ಮೊಂಡುಮೂಗಿನ ರಿವಾಲ್ವರ್: ಸ್ಟೀಲ್ ತಗೊಳ್ಳೋದಾ, ಹಗುರದ್ದೇ ಇಟ್ಕೊಳ್ಳೋದಾ? (ನನ್ನ ಅಂಗೈ ಊದ್ಕೊಂಡಿದೆ)

ಅಂಗಡಿ_ಗೌಡ
ನಮಸ್ಕಾರ ಎಲ್ರಿಗೂ. ಊರು ಚನ್ನರಾಯಪಟ್ಟಣದ ಕಡೆ, ಈಗ ಇರೋದು ಡಲ್ಲಾಸ್ ಪಕ್ಕ. ಸಣ್ಣ ಗ್ಯಾಸ್ ಸ್ಟೇಷನ್ ಅಂಗಡಿ ಇಟ್ಕೊಂಡಿದೀನಿ, ರಾತ್ರಿ ಹನ್ನೊಂದಕ್ಕೆ ಶಟರ್ ಎಳೆದು ಗಲ್ಲಾ ದುಡ್ಡು ಎತ್ಕೊಂಡು ಕಾರ್ ತನಕ ಒಬ್ನೇ ನಡೀಬೇಕು. ಹೋದ ವರ್ಷ ಸಿಟಿಜನ್‌ಶಿಪ್ ಆಯ್ತು, ಕ್ಲಾಸ್ ಮಾಡಿ ಗನ್ ಲೈಸೆನ್ಸೂ ತಗೊಂಡೆ (2021ರ ಸೆಪ್ಟೆಂಬರ್ ಇಂದ ಟೆಕ್ಸಾಸಲ್ಲಿ ಲೈಸೆನ್ಸ್ ಇಲ್ದೇನೂ ಜೊತೆಗಿಟ್ಕೊಂಡು ಓಡಾಡಬಹುದು ಅಂತ ಗೊತ್ತು, ಆದ್ರೂ ಇರ್ಲಿ ಅಂತ). ಗನ್ ಶಾಪಲ್ಲಿ ಕೌಂಟರ್ ಹುಡುಗ ಐದು ಗುಂಡಿನ ಪುಟಾಣಿ .38 ಬೋರಿನ ರಿವಾಲ್ವರ್ ಕೈಗೆ ಕೊಟ್ಟ, ಅಲ್ಯೂಮಿನಿಯಂ ಫ್ರೇಮು, 425 ಗ್ರಾಂ, "ಜೇಬಲ್ಲಿ ಇರೋದೇ ಗೊತ್ತಾಗಲ್ಲ" ಅಂದ. ನಿಜ, ಗೊತ್ತಾಗಲ್ಲ. ತಗೊಂಡ್ಬಿಟ್ಟೆ.

ಆಮೇಲೆ ಶೂಟಿಂಗ್ ರೇಂಜಿಗೆ ಹೋದೆ. ಐವತ್ತರ ಬಾಕ್ಸ್ ತಗೊಂಡೋಗಿದ್ದೆ, ಹದಿನೈದಕ್ಕೆ ನಿಲ್ಲಿಸ್ದೆ. ಹೆಬ್ಬೆರಳ ಬುಡ ಕೆಂಪಗಾಗಿ ಊದ್ಕೊಳ್ತು. ಏಳು ಗಜದಲ್ಲಿ ಗುಂಡುಗಳು ಪೇಪರ್ ತುಂಬ ಹರಡಿ ರಂಗೋಲಿ ಚುಕ್ಕಿ ಇಟ್ಟಂಗಿತ್ತು. ನಮ್ಮನೆಯವಳು ಎರಡು ಹೊಡೆದು "ಇನ್ಮೇಲೆ ಇದನ್ನ ಮುಟ್ಟಲ್ಲ" ಅಂತ ಟೇಬಲ್ ಮೇಲಿಟ್ಟು ಕೈ ಉಜ್ಜಿಕೊಂಡು ಕೂತ್ಲು. ಈಗ ಇದನ್ನ ಕೊಟ್ಟು ಸ್ಟೀಲ್ ಫ್ರೇಮಿಂದು ತಗೊಳೋಣ ಅನ್ನಿಸ್ತಿದೆ. ಸುಮಾರು 200 ಗ್ರಾಂ ಜಾಸ್ತಿ ಆಗುತ್ತೆ. ಹೊತ್ತು ಅಭ್ಯಾಸ ಇರೋರು ಹೇಳಿ, ಮೂರು ತಿಂಗಳಾದ್ಮೇಲೆ ಬೇಜಾರಾಗಿ ಡ್ರಾಯರಲ್ಲಿ ಇಟ್ಬಿಡ್ತೀನಾ?

ಹಳೇ_ಕಬ್ಬಿಣ
ತಗೊಳ್ಳಿ ಗೌಡ್ರೆ, ಯೋಚ್ನೆ ಮಾಡ್ಬೇಡಿ. ಅಂಗಡಿಯವರು ಕೌಂಟರ್ ಮೇಲೆ ಹಗುರದ್ದನ್ನ ಮಾರ್ತಾರೆ ಯಾಕಂದ್ರೆ ಕೌಂಟರ್ ಮೇಲೆ ಗುಂಡು ಹೊಡಿಯೋಕೆ ಆಗಲ್ಲ. ತೂಕ ಅಲ್ಲೇ ಗೊತ್ತಾಗುತ್ತೆ, ಒದೆತ ರೇಂಜಲ್ಲಿ ಗೊತ್ತಾಗುತ್ತೆ, ಅಷ್ಟೊತ್ತಿಗೆ ಕಾರ್ಡ್ ಸ್ವೈಪ್ ಆಗಿರುತ್ತೆ.

ಹಗುರ_ಬಸ್ಯಾ
ನೋಡ್ರಿ ಗೌಡ್ರ, ಹದಿನೈದು ಗುಂಡಿಗೆ ಕೈ ನೋವಾತು ಅಂತ ಬಂದೂಕು ಬದಲ್ ಮಾಡೂದಲ್ಲ. ಕುಣೀಲಾರದಾಕಿ ನೆಲ ಡೊಂಕು ಅಂದಂಗ ಆತು. ನಾ ಒಂಬತ್ತು ವರ್ಷದಿಂದ ಹಗುರದ್ದ ಇಟ್ಕೊಂಡೀನಿ, ಫೀನಿಕ್ಸ್ ಬ್ಯಾಸಗ್ಯಾಗ, ತೆಳ್ಳನ ಪ್ಯಾಂಟಿನ ಜೇಬಿನ್ಯಾಗ. ಸ್ಟೀಲ್ ಹಾಕಿದ್ರ ಪ್ಯಾಂಟು ಒಂದ್ ಕಡೆ ಜೋತು ಬಿದ್ದು, ಜೇಬಿನ್ಯಾಗ ಏನೋ ಇಟ್ಟಾನ ಅಂತ ಊರಿಗೆಲ್ಲ ಗೊತ್ತಾಗತೈತಿ. ಬಚ್ಚಿಡೂದು ಅಂದ್ರ ಬಚ್ಚಿಡೂದು. ಮನ್ಯಾಗ ಬಿಟ್ಟುಬಂದ ಸ್ಟೀಲ್ ರಿವಾಲ್ವರಿನ್ಕಿಂತ ಜೇಬಿನ್ಯಾಗಿನ ಅಲ್ಯೂಮಿನಿಯಂ ಮೇಲು.

ಹಳೇ_ಕಬ್ಬಿಣ
ಬಸಣ್ಣ, ಒಂದು ಮಾತು ಕೇಳ್ತೀನಿ ಬೇಜಾರಾಗ್ಬೇಡಿ, ಒಂಬತ್ತು ವರ್ಷದಲ್ಲಿ ಅದರಿಂದ ಎಷ್ಟು ಗುಂಡು ಹೊಡ್ದಿದೀರಿ?

ಹಗುರ_ಬಸ್ಯಾ
ಅದು ಬ್ಯಾರೆ ವಿಷಯ.

ಸೋನಾಮಸೂರಿ
😂 ಅದೇ ವಿಷಯ ಬಸಣ್ಣ.

ಫಿಸಿಕ್ಸ್_ಮೇಷ್ಟ್ರು
ಲೆಕ್ಕ ಮಾಡಿಬಿಡೋಣ, ಜಗಳ ಯಾಕೆ. .38 ಸ್ಪೆಷಲ್ ಮಾಮೂಲಿ ಗುಂಡು 158 ಗ್ರೇನ್, ಅಂದ್ರೆ ಸುಮಾರು 10.2 ಗ್ರಾಂ. ಎರಡಿಂಚು ನಳಿಕೆಯಿಂದ ಸೆಕೆಂಡಿಗೆ 230 ಮೀಟರ್ ಅಂತ ಇಟ್ಕೊಳ್ಳಿ. ಗುಂಡು ಮುಂದಕ್ಕೆ ಹೋಗೋ ಸಂವೇಗ ಎಷ್ಟೋ ರಿವಾಲ್ವರ್ ಹಿಂದಕ್ಕೆ ಬರೋದೂ ಅಷ್ಟೇ, ಅದು ಸ್ಟೀಲಾಗಲಿ ಅಲ್ಯೂಮಿನಿಯಂ ಆಗಲಿ. ಆದ್ರೆ ಅದೇ ಸಂವೇಗಕ್ಕೆ 425 ಗ್ರಾಮಿಂದು ಸೆಕೆಂಡಿಗೆ ಐದೂವರೆ ಮೀಟರ್ ವೇಗದಲ್ಲಿ ಅಂಗೈಗೆ ಬಡಿಯುತ್ತೆ, 640 ಗ್ರಾಮಿಂದು ಮೂರು ಮುಕ್ಕಾಲು ಮೀಟರ್ ಒಳಗೇ. ಶಕ್ತಿ ತೆಗೆದ್ರೆ ಮೊದಲನೇದು ಆರೂವರೆ ಜೂಲ್, ಎರಡನೇದು ನಾಲ್ಕು ಚಿಲ್ಲರೆ. ಅಂದ್ರೆ ಒಂದೂವರೆ ಪಟ್ಟು. ಮದ್ದಿನ ಹೊಗೆಯ ಲೆಕ್ಕ ಬಿಟ್ಟಿದೀನಿ, ಅದು ಸೇರಿದ್ರೆ ಎರಡೂ ಸ್ವಲ್ಪ ಮೇಲೆ ಹೋಗುತ್ತೆ, ಅನುಪಾತ ಅದೇ.

ಇನ್ನೊಂದು ವಿಷಯ, ಇದು ಒದೆತಕ್ಕೆ ಸಂಬಂಧ ಇಲ್ಲ, ಇದನ್ನ ಯಾರೂ ಹೇಳಲ್ಲ. ಡಬಲ್ ಆಕ್ಷನ್ ಟ್ರಿಗರ್ (ಒಂದೇ ಎಳೆತಕ್ಕೆ ಹ್ಯಾಮರ್ ಎದ್ದು ಬಡಿಯೋದು) ಎಳೆಯೋಕೆ ಸುಮಾರು ಐದು ಕೆಜಿ ಬಲ ಬೇಕು. ಅರ್ಧ ಕೆಜಿನೂ ಇಲ್ಲದ ವಸ್ತುವನ್ನ ಐದು ಕೆಜಿ ಬಲದಲ್ಲಿ ಒಂದೇ ಬೆರಳಲ್ಲಿ ಎಳೆದ್ರೆ ಅದು ಅಲ್ಲಾಡದೆ ಇರುತ್ತಾ? ಗುಂಡು ಹೊರಡೋಕೆ ಮುಂಚೆನೇ ಗುರಿ ಜಾರಿರುತ್ತೆ. ಭಾರ ಇದ್ರೆ ಅದೇ ಅರ್ಧ ಹಿಡಿದು ನಿಲ್ಲಿಸುತ್ತೆ. ಗೌಡರ ರಂಗೋಲಿಗೆ ಅರ್ಧ ಕಾರಣ ಇದು.

ಅಂಗಡಿ_ಗೌಡ
ಮೇಷ್ಟ್ರೇ ಹತ್ತನೇ ಕ್ಲಾಸಲ್ಲಿ ನೀವು ಸಿಕ್ಕಿದ್ರೆ ನಾನು ಪಾಸಾಗಿರ್ತಿದ್ದೆ.

ಎಚ್1_ಕಾಯ್ತಾ_ಇದೀನಿ
ಮಧ್ಯ ಬರ್ತೀನಿ ಕ್ಷಮಿಸಿ, ನಾನು ಎಚ್-1ಬಿ ಮೇಲೆ ಆಸ್ಟಿನ್‌ನಲ್ಲಿದೀನಿ, ನಾನೂ ಒಂದು ತಗೋಬಹುದಾ? ರೂಮ್‌ಮೇಟ್ ರೇಂಜಿಗೆ ಕರೀತಿದಾನೆ.

ಸೋನಾಮಸೂರಿ
ತಮ್ಮಾ ಮೊದ್ಲು ವಕೀಲರನ್ನ ಕೇಳು. ನಾನ್ ಇಮಿಗ್ರಂಟ್ ವೀಸಾ ಮೇಲೆ ಇರೋರು ಗನ್ನಾಗಲಿ ಗುಂಡಾಗಲಿ ಇಟ್ಕೊಳ್ಳೋದೇ ಫೆಡರಲ್ ಕಾನೂನಲ್ಲಿ ಅಪರಾಧ, ಕೆಲವು ವಿನಾಯ್ತಿ ಇದಾವೆ, ಬೇಟೆ ಲೈಸೆನ್ಸ್ ಇರೋದು ಅದ್ರಲ್ಲಿ ಒಂದು. ರಾಜ್ಯದ ಕಾನೂನು ಎಷ್ಟು ಸಡಿಲ ಇದ್ರೂ ಲೆಕ್ಕಕ್ಕಿಲ್ಲ. ಗ್ರೀನ್ ಕಾರ್ಡ್ ಇದ್ರೆ ಆ ಅಡ್ಡಿ ಇಲ್ಲ. ರೂಮ್‌ಮೇಟ್ ಮಾತು ನಂಬ್ಕೊಂಡು ಹತ್ತು ವರ್ಷದ ಕ್ಯೂ ಹಾಳು ಮಾಡ್ಕೋಬೇಡ.

ಎಚ್1_ಕಾಯ್ತಾ_ಇದೀನಿ
ಅಯ್ಯೋ ಥ್ಯಾಂಕ್ಸ್ ಅಕ್ಕಾ. ಬೌಲಿಂಗ್‌ಗೆ ಹೋಗ್ತೀವಿ ಬಿಡಿ.

ಕರಾವಳಿ_ಹ್ಯೂಸ್ಟನ್
ಮಾರಾಯ್ರೆ ನಾನು ಎರಡೂ ಇಟ್ಟು ನೋಡಿದವ. ಸ್ಟೀಲಿನ ಪಾರ್ಟಿಗೆ ನನ್ನ ವೋಟು, ಆದ್ರೆ ಒಂದು ಮಾತುಂಟು. ಹ್ಯೂಸ್ಟನ್ ಹವೆ ನಮ್ಮ ಮಂಗ್ಳೂರಿದ್ದೇ ಹವೆ, ಬೆವರು ನಿಲ್ಲೂದೇ ಇಲ್ಲ. ನಾನು ಮೊದಲು ತಗೊಂಡದ್ದು ಹಳೇ ಕಪ್ಪು ಪಾಲಿಶಿನ ಸ್ಟೀಲು, ನೋಡ್ಲಿಕ್ಕೆ ಅಷ್ಟು ಚಂದ. ಸೊಂಟಕ್ಕೆ ಹಾಕಿ ಎರಡು ವಾರ ತಿರುಗಿದ್ದು, ಹಿಡಿಯ ಪಕ್ಕದಲ್ಲಿ ತುಕ್ಕು ಬಂತು, ಬಾವಿ ರಾಟೆಗೆ ಬಂದ ಹಾಗೆ. ಹಾಗಾಗಿ ಸ್ಟೀಲ್ ಅಂದ್ರೆ ಸ್ಟೇನ್‌ಲೆಸ್ಸೇ ತಗೊಳ್ಳಿ. ಅದಕ್ಕೂ ಎಣ್ಣೆ ಬೇಕು ಆದ್ರೆ ಅಷ್ಟು ರಗಳೆ ಇಲ್ಲ. ಅಲ್ಯೂಮಿನಿಯಂ ಫ್ರೇಮಿನದ್ರಲ್ಲಿ ತುಕ್ಕಿಲ್ಲ ಆದ್ರೆ ಮೇಲಿನ ಬಣ್ಣ ಬೆವರಿಗೆ ಎದ್ದು ಬರ್ತದೆ, ನೋಡ್ಲಿಕ್ಕೆ ತೊನ್ನು ಹತ್ತಿದ ಹಾಗೆ ಕಾಣ್ತದೆ.

ಹಳೇ_ಕಬ್ಬಿಣ
ಸ್ಟೇನ್‌ಲೆಸ್ ಅಂದ್ರಲ್ಲ, ಅದಕ್ಕೊಂದು ಕಥೆ ಇದೆ. ಸ್ಮಿತ್ ಅಂಡ್ ವೆಸನ್ 1950ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸಲ್ಲಿ ಪೊಲೀಸ್ ಮುಖ್ಯಸ್ಥರ ಸಮ್ಮೇಳನಕ್ಕೆ ಒಂದು ಚಿಕ್ಕ ಐದು ಗುಂಡಿನ .38 ತಗೊಂಡೋಗಿ ತೋರಿಸ್ತು. ಚೀಫ್‌ಗಳ ಸಭೆಲಿ ಹುಟ್ಟಿದ್ದಕ್ಕೆ ಚೀಫ್ಸ್ ಸ್ಪೆಷಲ್ ಅಂತ ಹೆಸರು. ಮಾಡೆಲ್ 36 ಅನ್ನೋ ನಂಬರ್ ಆಮೇಲೆ 1957ರಲ್ಲಿ ಬಂತು. ಪೂರ್ತಿ ಸ್ಟೀಲು, ಐನೂರೈವತ್ತು ಗ್ರಾಂ ಆಸುಪಾಸು. ಅದರದ್ದೇ ಸ್ಟೇನ್‌ಲೆಸ್ ಅವತಾರ ಮಾಡೆಲ್ 60, 1965ರಲ್ಲಿ. ಮಾಮೂಲಿಯಾಗಿ ತಯಾರಾಗಿ ಬಂದ ಮೊದಲ ಸ್ಟೇನ್‌ಲೆಸ್ ರಿವಾಲ್ವರ್ ಅದೇ. ಮೈಗಂಟಿಸಿಕೊಂಡು ಓಡಾಡೋ ಪೊಲೀಸರು ಮುಗಿಬಿದ್ದು ತಗೊಂಡ್ರು, ಕರಾವಳಿ ಅಣ್ಣ ಹೇಳಿದ ಬೆವರಿನ ಕಾರಣಕ್ಕೇ.

ಕೋಲ್ಟ್‌ದು ಅದಕ್ಕೂ ಹಳೇದು. ಡಿಟೆಕ್ಟಿವ್ ಸ್ಪೆಷಲ್, 1927, ಸ್ಟೀಲು, ಐದಲ್ಲ ಆರು ಗುಂಡು. 1950ರಲ್ಲಿ ಅದನ್ನೇ ಅಲ್ಯೂಮಿನಿಯಂ ಫ್ರೇಮಲ್ಲಿ ಮಾಡಿ ಕೋಬ್ರಾ ಅಂದ್ರು. ಗೌಡ್ರೆ ನಿಮ್ಮ ಡಲ್ಲಾಸಲ್ಲೇ 1963 ನವೆಂಬರ್ 24ಕ್ಕೆ ಜ್ಯಾಕ್ ರೂಬಿ ಅನ್ನೋನು ಅಧ್ಯಕ್ಷ ಕೆನಡಿಯನ್ನ ಕೊಂದ ಆರೋಪಿ ಓಸ್ವಾಲ್ಡ್‌ಗೆ ಹೊಡೆದದ್ದು ಅಂಥದ್ದೇ ಕೋಬ್ರಾದಲ್ಲಿ. ಇನ್ನು ಓಸ್ವಾಲ್ಡ್ ಸಿಕ್ಕಿಬಿದ್ದಾಗ ಅವನ ಹತ್ರ ಇದ್ದದ್ದು ಯುದ್ಧಕಾಲದ ಸ್ಟೀಲ್ ರಿವಾಲ್ವರ್, ನಳಿಕೆ ಕೊಯ್ದು ಮೋಟು ಮಾಡಿದ್ದು. ಎರಡೇ ದಿನದ ಅಂತರದಲ್ಲಿ ಒಂದೇ ಊರಲ್ಲಿ ಒಂದು ಸ್ಟೀಲು ಒಂದು ಅಲ್ಯೂಮಿನಿಯಂ ಅಲಾಯ್.

ಶಾಂತಿಪ್ರಿಯ
ಇದೆಲ್ಲ ಓದ್ತಾ ಇದ್ರೆ ಮೈ ಜುಂ ಅನ್ನುತ್ತೆ. ಕೊಲೆ ಮಾಡಿದ ಗನ್ನಿನ ಲೋಹ ಯಾವುದು ಅಂತ ಚರ್ಚೆ ಮಾಡ್ತಿದೀರಲ್ಲ. ಗೌಡ್ರೆ, ಗಲ್ಲಾದಲ್ಲಿ ಎಷ್ಟು ದುಡ್ಡಿದ್ರೂ ಕೇಳಿದವರಿಗೆ ಕೊಟ್ಟು ಕಳಿಸಿ. ಇನ್ಶೂರೆನ್ಸ್ ಯಾಕಿರೋದು. ಮನೇಲಿ ಮಕ್ಕಳಿದಾವಾ?

ಅಂಗಡಿ_ಗೌಡ
ದುಡ್ಡು ಕೇಳಿದ್ರೆ ಕೊಡ್ತೀನಿ ಸರ್, ಕೊಟ್ಟೂ ಇದೀನಿ ಒಂದ್ಸಲ. ದುಡ್ಡು ಕೊಟ್ಟ ಮೇಲೂ ಅವನು ಹೋಗ್ಲಿಲ್ಲ, ಹಿಂದಿನ ರೂಮಿಗೆ ನಡಿ ಅಂದ. ಅಷ್ಟರಲ್ಲಿ ಹಾಲಿನ ಟ್ರಕ್ ಬಂತು, ಓಡ್ದ. ಅವತ್ತಿಂದ ಈ ಯೋಚನೆ. ಮಕ್ಕಳಿದಾವೆ, ಇಬ್ರು. ಬೆರಳಚ್ಚಿನ ಲಾಕ್ ಇರೋ ಪೆಟ್ಟಿಗೆ ತಗೊಂಡಿದೀನಿ, ಮನೆಗೆ ಬಂದ ತಕ್ಷಣ ಒಳಗೆ.

ಶಾಂತಿಪ್ರಿಯ
ಸರಿ. ಆ ಮಾತು ಗೊತ್ತಿರ್ಲಿಲ್ಲ, ಕ್ಷಮಿಸಿ. ಪೆಟ್ಟಿಗೆ ಇರೋದು ಒಳ್ಳೇದು. ನನ್ನ ಅಭಿಪ್ರಾಯ ಬದಲಾಗಿಲ್ಲ ಆದ್ರೂ.

ಸೋನಾಮಸೂರಿ
ನಾನು ನರ್ಸು, ರಾತ್ರಿ ಪಾಳಿ, ಪಾರ್ಕಿಂಗ್ ಲಾಟಲ್ಲಿ ಒಬ್ಳೇ ನಡಿಯೋದು (ಆಸ್ಪತ್ರೆ ಒಳಗೆ ತರೋ ಹಾಗಿಲ್ಲ, ಕಾರಲ್ಲೇ ಲಾಕ್ ಮಾಡಿಡ್ತೀನಿ, ಯಾರೂ ಶುರು ಮಾಡ್ಬೇಡಿ). ನಂದೂ ಗೌಡರ ಕಥೆನೇ. "ಹೆಂಗಸರಿಗೆ ಚಿಕ್ಕದು ಹಗುರದ್ದು" ಅಂತ ಎಲ್ಲ ಅಂಗಡಿಲೂ ಅದನ್ನೇ ಕೈಗಿಡ್ತಾರೆ, ಪಿಂಕ್ ಹಿಡಿ ಬೇರೆ. ಇದಕ್ಕಿಂತ ತಲೆಕೆಳಗಾದ ಸಲಹೆ ಇನ್ನೊಂದಿಲ್ಲ. ಎಲ್ಲರಿಗಿಂತ ಜೋರಾಗಿ ಒದೆಯೋದನ್ನ ಎಲ್ಲರಿಗಿಂತ ಹೊಸಬರ ಕೈಗೆ ಕೊಡೋದು. ಒಂದು ವರ್ಷ ನಾನು ಟ್ರಿಗರ್ ಎಳೆಯೋ ಮುಂಚೆ ಕಣ್ಣು ಮುಚ್ಚೋದು ಕಲಿತೆ, ಅಷ್ಟೇ ಕಲಿತದ್ದು. ಆ ಅಭ್ಯಾಸ ಬಿಡಿಸ್ಕೊಳ್ಳೋಕೆ ಇನ್ನೊಂದು ವರ್ಷ ಬೇಕಾಯ್ತು.

ಈಗ ಸ್ಟೀಲಿನ ರೂಗರ್ ಎಸ್‌ಪಿ101, ಮುಕ್ಕಾಲು ಕೆಜಿ ಹತ್ರ. ಮೊದಲ ವಾರ ಸೊಂಟದಲ್ಲಿ ಸೇರು ಅಕ್ಕಿ ಕಟ್ಟಿಕೊಂಡಂಗೆ ಅನ್ನಿಸ್ತು. ಆದ್ರೆ ವಾರಕ್ಕೆ ಐವತ್ತು ಗುಂಡು ಖುಷಿಯಾಗಿ ಹೊಡೀತೀನಿ. ಗೌಡ್ರೆ ನಿಮ್ಮ ಮನೆಯವರೂ ಹೊಡೀಬೇಕು ಅಂದ್ರೆ ಅವರ ಕೈಗೆ ಕೊಟ್ಟು ನೋಡಿ ತಗೊಳ್ಳಿ, ರೇಂಜಲ್ಲಿ ಬಾಡಿಗೆಗೆ ಸಿಗುತ್ತೆ. ನಿಮ್ಮ ಕೈಗಲ್ಲ, ಅವರ ಕೈಗೆ.

ಹಗುರ_ಬಸ್ಯಾ
ಮುಕ್ಕಾಲು ಕೆಜಿ ಜೇಬಿನ್ಯಾಗ ಹ್ಯಾಂಗ ಇಡ್ತೀರಿ ಅಕ್ಕಾರ?

ಸೋನಾಮಸೂರಿ
ಜೇಬಲ್ಲಿ ಯಾರು ಇಡ್ತಾರೆ ಬಸಣ್ಣ. ಸೊಂಟಕ್ಕೆ. ಒಳ್ಳೆ ಬೆಲ್ಟು, ಪ್ಯಾಂಟಿನ ಒಳಗಿಡೋ ಹೋಲ್‌ಸ್ಟರು (ಗನ್ ಚೀಲ). ಇಲ್ಲಿ ಅರ್ಧ ಜಗಳ ಬೆಲ್ಟಿಂದು. ಹತ್ತು ಡಾಲರ್ ಬೆಲ್ಟ್ ಹಾಕಿ ಸ್ಟೀಲ್ ಭಾರ ಅಂತ ಬಯ್ತಾರೆ. ಎರಡು ಪದರ ಹೊಲಿದ ಗಟ್ಟಿ ಚರ್ಮದ ಬೆಲ್ಟ್ ಹಾಕಿ ನೋಡಿ, ಭಾರ ಸೊಂಟದ ಸುತ್ತ ಹಂಚಿ ಹೋಗುತ್ತೆ. ನಮ್ಮಜ್ಜಿ ಬಿಂದಿಗೆ ಸೊಂಟದ ಮೇಲೆ ಇಟ್ಕೊಂಡು ಅರ್ಧ ಮೈಲಿ ಬರೋಳು, ಕೈಯಲ್ಲಿ ತೂಗಾಡಿಸ್ಕೊಂಡು ಬರ್ತಿರ್ಲಿಲ್ಲ.

ಹಗುರ_ಬಸ್ಯಾ
ಬಿಂದಿಗಿ ಮಾತು ಚಲೋ ಐತಿ. ಆದ್ರ ನಾ ಹೇಳೂದು ಜೇಬಿನ ಲೆಕ್ಕ. ಟೀ ಶರ್ಟು ಚಡ್ಡಿ ಹಾಕ್ಕೊಂಡು ನಾಯಿ ತಿರುಗಸಾಕ ಹೋಗಾಂವ ಬೆಲ್ಟ್ ಎಲ್ಲಿಂದ ತರಬೇಕು? ಜೇಬಿಗೆ ಹಗುರದ್ದು, ಸೊಂಟಕ್ಕ ಸ್ಟೀಲು. ಇಷ್ಟಂತೂ ಒಪ್ಪಬೇಕ್ರಿ.

ಹಳೇ_ಕಬ್ಬಿಣ
ಒಪ್ಪಿದೆ. ಜೇಬಿಗೆ ಹಾಕೋದಾದ್ರೂ ಟ್ರಿಗರ್ ಮುಚ್ಚೋ ಜೇಬು ಹೋಲ್‌ಸ್ಟರ್ ಇಲ್ದೆ ಬೇಡ, ಅದೇ ಜೇಬಲ್ಲಿ ಕೀಲಿ ಚಿಲ್ಲರೆ ಬೇಡ.

ಬೆಳಗಾವಿ_32
ನಾ ಇಂಡಿಯಾದಾಗ ಲೈಸೆನ್ಸ್ ಇರಾಂವ. ನಮ್ಮ ಕಡೆ ಈ ಜಗಳನ ಇಲ್ಲ, ಯಾಕಂದ್ರ .38 ನಮಗ ನಿಷೇಧಿತ ಬೋರು, ಸಾಮಾನ್ಯರಿಗೆ ಸಿಗೂದು .32. ಅದು ಮೆತ್ತನ ತೋಟಾ, ಒದಿಯೂದ ಇಲ್ಲ ಅನ್ನಬೇಕು. 2014ರಾಗ ಕಾನ್ಪುರದ ಆರ್ಡ್‌ನೆನ್ಸ್ ಫ್ಯಾಕ್ಟರಿಯವ್ರು ನಿರ್ಭೀಕ್ ಅಂತ ತಂದ್ರಲ್ಲ, ಹೆಣ್ಮಕ್ಕಳಿಗೆ ಅಂತ, ಟೈಟೇನಿಯಂ ಅಲಾಯ್, ಅರ್ಧ ಕೆಜಿ, ರೇಟು 1.22 ಲಕ್ಷ. ಅವಾಗ ಸುದ್ದಿ ಆಗಿದ್ದು ರೇಟಿಂದು, ಒದೆತದ್ದಲ್ಲ. ಅರ್ಧ ಕೆಜಿ ಆದ್ರೂ .32 ಆದ್ದಕ್ಕ ಕೈಗೆ ಏನೂ ಅನ್ನಿಸೂದಿಲ್ಲ. ಅದರಾಗ .38 ತುಂಬೂ ಹಂಗಿದ್ರ ಗೊತ್ತಾಗ್ತಿತ್ತು ಹಗುರದ ಮಜಾ.

ನಮ್ಮ ತ್ರಾಸ ಬ್ಯಾರೆ. ವರ್ಷಕ್ಕ ಇಷ್ಟ ತೋಟಾ ಅಂತ ಲೈಸೆನ್ಸ್ ಮ್ಯಾಲ ಬರದಿರತೈತಿ. ವಾರಕ್ಕ ಐವತ್ತು ಹೊಡಿತೀನಿ ಅಂತ ಅಕ್ಕಾರು ಬರದಾರ, ಓದಿ ಹೊಟ್ಟಿ ಉರೀತು.

ಫಿಸಿಕ್ಸ್_ಮೇಷ್ಟ್ರು
ಇದು ಒಳ್ಳೆ ಪಾಯಿಂಟ್. ಗುಂಡು ಮತ್ತು ತೂಕ ಎರಡನ್ನೂ ಜೊತೆಗೆ ನೋಡ್ಬೇಕು. ಬರೀ ಫ್ರೇಮ್ ಲೋಹದ ಬಗ್ಗೆ ಮಾತಾಡೋದು ಗಾಡಿ ತೂಕ ಬಿಟ್ಟು ಎಂಜಿನ್ ಬಗ್ಗೆ ಮಾತಾಡಿದಂಗೆ.

ಜಮ್ಮಾ_ಕೋವಿ
ಮಡಿಕೇರಿಯಿಂದ. ನೀವು 200 ಗ್ರಾಮಿಗೆ ಇಷ್ಟು ಮಾತಾಡ್ತಿದ್ದೀರಿ, ನಮ್ಮ ಮನೆ ಒಂಟಿ ನಳಿಕೆ ಕೋವಿ ಮೂರು ಕೆಜಿ, ಅಜ್ಜ ಅದನ್ನು ಹೆಗಲಿಗೆ ಹಾಕಿ ಗುಡ್ಡ ಹತ್ತುತ್ತಿದ್ದರು. ನಮ್ಮ ಕೊಡವರಿಗೆ ಆರ್ಮ್ಸ್ ಆಕ್ಟಿನ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗಿನ ಅಧಿಸೂಚನೆ 2029ರವರೆಗೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಸೆಪ್ಟೆಂಬರಿನಲ್ಲಿ ನಮ್ಮ ಆಯುಧ ಹಬ್ಬ ಕೈಲ್‌ಪೊಳ್ದಿಗೆ ಕೋವಿ ಉಜ್ಜಿ ದೇವರ ಕೋಣೆಯಲ್ಲಿ ಇಟ್ಟು ತೋಕ್ ಪೂ (ಕೋವಿ ಹೂ) ಸಿಕ್ಕಿಸುತ್ತೇವೆ. ಬಚ್ಚಿಟ್ಟುಕೊಳ್ಳುವುದು ಎನ್ನುವುದೇ ನಮ್ಮಲ್ಲಿಲ್ಲ, ಕೋವಿ ಎಂದರೆ ಎಲ್ಲರಿಗೂ ಕಾಣಬೇಕು. ನಿಮ್ಮ ಚರ್ಚೆ ಓದಲು ಚೆನ್ನಾಗಿದೆ, ಆದರೆ ಬೇರೆ ಲೋಕ ಇದು.

ಕರಾವಳಿ_ಹ್ಯೂಸ್ಟನ್
ಕೊಡಗಿನವರು ಬಂದ್ರಲ್ಲ, ಇನ್ನು ಪಂದಿಕರಿ ರೆಸಿಪಿ ಬರದೆ ಇರೂದಿಲ್ಲ.

ಜಮ್ಮಾ_ಕೋವಿ
ಕಾಚಂಪುಳಿ ಇಲ್ಲದೆ ಮಾಡುವವರಿಗೆ ಹೇಳುವುದಿಲ್ಲ.

ಗ್ಯಾರೇಜ್_ಗುರು
ವಿಷಯಕ್ಕೆ ಬನ್ನಿ. ಹಗುರದ್ರಲ್ಲಿ ಇನ್ನೊಂದು ತಾಪತ್ರಯ ಇದೆ ಯಾರೂ ಹೇಳ್ಲಿಲ್ಲ, ಗುಂಡು ಜಾರೋದು. ರಿವಾಲ್ವರ್ ಜಾಡಿಸಿ ಹಿಂದೆ ಬರುತ್ತಲ್ಲ, ಸಿಲಿಂಡರಲ್ಲಿ (ತೋಟಾ ತುಂಬೋ, ತಿರುಗೋ ಉರುಳೆ) ಉಳಿದಿರೋ ತೋಟಾಗಳ ಹೊರಕವಚ, ಅಂದ್ರೆ ಕೇಸು, ಅಂಚು ಹಿಡ್ಕೊಂಡಿರೋದ್ರಿಂದ ಜೊತೆಗೇ ಹಿಂದೆ ಬರುತ್ತೆ, ಆದ್ರೆ ಮೂತಿಲಿರೋ ಸೀಸದ ಗುಂಡು ನಿಂತಲ್ಲೇ ನಿಲ್ಲೋಕೆ ನೋಡುತ್ತೆ. ಬಸ್ಸು ದಿಢೀರ್ ಅಂತ ಮುಂದೆ ಹೋದಾಗ ನಿಂತಿರೋರು ಹಿಂದೆ ಬೀಳಲ್ವಾ, ಅದೇ. ನಾಲ್ಕು ಹೊಡೆಯೋಷ್ಟರಲ್ಲಿ ಐದನೇದರ ಗುಂಡು ಕೇಸಿಂದ ಎದ್ದು ಸಿಲಿಂಡರ್ ಮುಂದೆ ಮೂಗು ಚಾಚುತ್ತೆ. ಆಮೇಲೆ ಸಿಲಿಂಡರ್ ತಿರುಗಲ್ಲ. ಮುಗೀತು, ಕೈಯಲ್ಲಿರೋದು ಕಲ್ಲು. ಹಗುರದ್ರಲ್ಲಿ ಖಾರದ ಗುಂಡು ಹಾಕಿದಾಗ ಇದು ಆಗೋದು, ನಂಗೇ ಆಗಿದೆ ರೇಂಜಲ್ಲಿ, ಬಡಿದು ಬಿಚ್ಚಬೇಕಾಯ್ತು.

ಪರೀಕ್ಷೆ ಸುಲಭ. ಐದು ಹಾಕಿ ನಾಲ್ಕು ಹೊಡೀರಿ, ಐದನೇದನ್ನ ತೆಗೆದು ಹೊಸದರ ಪಕ್ಕ ಇಟ್ಟು ಉದ್ದ ನೋಡಿ. ಬೆಳೆದಿದ್ರೆ ಆ ಗುಂಡು ಆ ರಿವಾಲ್ವರಿಗೆ ಬೇಡ. ಸ್ಟೀಲಲ್ಲಿ ಈ ಕಾಟ ತೀರಾ ಕಮ್ಮಿ.

ಹಗುರ_ಬಸ್ಯಾ
ಇದು ಖರೇನ? ನಂಗ ಗೊತ್ತಿರಲಿಲ್ಲ.

ಗ್ಯಾರೇಜ್_ಗುರು
ಒಂಬತ್ತು ವರ್ಷದಿಂದ ಇಟ್ಕೊಂಡು ಗೊತ್ತಿಲ್ಲ ಅಂದ್ರೆ ಹೊಡ್ದೇ ಇಲ್ಲ ಅಂತ ಅರ್ಥ. ಇಲ್ಲ ಮೆತ್ತನೆ ಗುಂಡು ಹಾಕಿರ್ತೀರಿ, ಹಂಗಿದ್ರೆ ಒಳ್ಳೇದೇ.

ಹಳೇ_ಕಬ್ಬಿಣ
ಅಲಾಯ್ ಅಂತ ಎಲ್ಲಾನೂ ಒಂದೇ ಬುಟ್ಟಿಗೆ ಹಾಕ್ಬೇಡಿ ಅಂತ ಒಂದು ತಿದ್ದುಪಡಿ. ಗೌಡರದ್ರಲ್ಲಿ ಫ್ರೇಮ್ ಮಾತ್ರ ಅಲ್ಯೂಮಿನಿಯಂ, ಸಿಲಿಂಡರು ನಳಿಕೆ ಸ್ಟೀಲೇ ಇರುತ್ತೆ. ಅದಕ್ಕೂ ಹಗುರದ್ದು ಸ್ಕ್ಯಾಂಡಿಯಂ, ಅದೂ ಅಲ್ಯೂಮಿನಿಯಮ್ಮೇ, ಚೂರೇ ಚೂರು ಸ್ಕ್ಯಾಂಡಿಯಂ ಬೆರೆಸಿದ್ದು, ಸಿಲಿಂಡರ್ ಟೈಟೇನಿಯಂ. ಸ್ಮಿತ್ ಅಂಡ್ ವೆಸನ್ 340ಪಿಡಿ ಅನ್ನೋದು 335 ಗ್ರಾಂ ಆಸುಪಾಸು, ಅದ್ರಲ್ಲಿ .357 ಮ್ಯಾಗ್ನಮ್ (.38ಕ್ಕಿಂತ ಖಾರದ ತೋಟಾ) ಹೊಡೀಬಹುದು ಅಂತ ಕಂಪನಿ ಹೇಳುತ್ತೆ. ಹೊಡೀಬಹುದು. ಎರಡನೇ ಸಲ ಯಾರೂ ಹೊಡಿಯಲ್ಲ. 120 ಗ್ರೇನಿಗಿಂತ ಹಗುರ ಗುಂಡು ಹಾಕ್ಬೇಡಿ ಅಂತ ಅದರ ನಳಿಕೆ ಮೇಲೇ ಕೆತ್ತಿರ್ತಾರೆ.

ಇನ್ನು ಅತಿ ಹಗುರದ ಆಸೆಗೆ ಸರ್ಕಾರವೇ ಕೈ ಸುಟ್ಕೊಂಡ ಕಥೆ ಇದೆ. 1950ರ ದಶಕದ ಶುರುವಲ್ಲಿ ಅಮೆರಿಕದ ಏರ್‌ಫೋರ್ಸ್ ಪೈಲಟ್‌ಗಳಿಗೆ ಅಂತ ಫ್ರೇಮ್ ಮಾತ್ರ ಅಲ್ಲ ಸಿಲಿಂಡರನ್ನೂ ಅಲ್ಯೂಮಿನಿಯಮ್ಮಲ್ಲೇ ಮಾಡ್ಸಿದ್ರು, ಏರ್‌ಕ್ರೂಮನ್ ಅಂತ. ಸಿಲಿಂಡರ್ ಮಾಮೂಲಿ .38ರ ಒತ್ತಡ ತಡೀಲಿಲ್ಲ. ಅದಕ್ಕೇ ಅಂತ ಮೆತ್ತನೆ ತೋಟಾ ಬೇರೆ ಮಾಡಿದ್ರು. ಆಮೇಲೆ ಸಾಕಪ್ಪಾ ಅಂತ ವಾಪಸ್ ತಗೊಂಡು ಬಹುಪಾಲು ಪುಡಿ ಮಾಡಿಬಿಟ್ರು. ಉಳಿದ ಒಂದೊಂದು ಈಗ ಸಂಗ್ರಾಹಕರ ಹತ್ರ ಚಿನ್ನದ ಬೆಲೆ.

ಅಂಗಡಿ_ಗೌಡ
ಇಷ್ಟೊಂದು ಓದಿ ತಲೆ ತಿರುಗ್ತಿದೆ. ಒಂದು ಪ್ರಶ್ನೆ, ಮೆತ್ತನೆ ಗುಂಡು ಹಾಕಿ ಇದನ್ನೇ ಇಟ್ಕೋಬಹುದಾ? ಸ್ಟೀಲ್ ತಗೊಳ್ಳೋಕೆ ಅಂಗಡಿಯವನು ಇದಕ್ಕೆ ಅರ್ಧ ಬೆಲೆ ಹೇಳ್ತಿದಾನೆ.

ಗ್ಯಾರೇಜ್_ಗುರು
ಇಟ್ಕೋಬಹುದು. 148 ಗ್ರೇನ್ ವಾಡ್‌ಕಟರ್ ಹಾಕಿ ನೋಡಿ, ಮೊಂಡು ಮೂತಿ ಗುಂಡು, ಟಾರ್ಗೆಟ್‌ಗೆ ಅಂತ ಮಾಡಿರೋದು, ಒದೆತ ನಿಮ್ಮಲ್ಲಿರೋದಕ್ಕಿಂತ ಎಷ್ಟೋ ಕಮ್ಮಿ. ಜೊತೆಗೆ ಹಿಡಿ ಬದಲಾಯ್ಸಿ. ಈಗಿರೋದ್ರಲ್ಲಿ ಹಿಂದಗಡೆ ಲೋಹ ಬರಿದಾಗಿ ಅಂಗೈಗೆ ತಾಗ್ತಿದ್ರೆ ಅದನ್ನ ಮುಚ್ಚೋ ರಬ್ಬರ್ ಹಿಡಿ ಹಾಕಿ. ಕಿರುಬೆರಳು ಕೆಳಗೆ ಜೋತಾಡ್ತಿದ್ರೆ ಉದ್ದ ಹಿಡಿ. ಮೂವತ್ತು ನಲವತ್ತು ಡಾಲರ್ ಕೆಲಸ, ಹೊಸ ರಿವಾಲ್ವರಿಗೆ ಮುಂಚೆ ಇದನ್ನ ಮಾಡಿ ನೋಡಿ.

ಹಳೇ_ಕಬ್ಬಿಣ
ಹಿಡಿ ದೊಡ್ಡದಾದ್ರೆ ಬಚ್ಚಿಡೋದು ಕಷ್ಟ. ಬಟ್ಟೆ ಮೇಲೆ ಉಬ್ಬಿ ಕಾಣೋದು ಹಿಡಿನೇ. ರಬ್ಬರ್ ಬೇರೆ ಅಂಗಿಗೆ ಅಂಟ್ಕೊಳುತ್ತೆ. ಅಂದ್ರೆ ಹಗುರದ್ದು ತಗೊಂಡು, ಹಿಡಿ ದೊಡ್ಡದು ಮಾಡಿ, ಗುಂಡು ಮೆತ್ತಗೆ ಮಾಡಿ, ಕೊನೆಗೆ ಸ್ಟೀಲಿನಷ್ಟೇ ಜಾಗ ತಿನ್ನೋ ಅರೆಬರೆ ವಸ್ತು ಮಾಡ್ಕೊಂಡಂಗೆ. ಯಾಕೆ ಸುತ್ತಿ ಬಳಸಿ ಮೂಗು ಹಿಡೀಬೇಕು?

ಗ್ಯಾರೇಜ್_ಗುರು
ಯಾಕಂದ್ರೆ ಗೌಡ್ರು ಅಂಗಡಿ ನಡೆಸ್ತಾರೆ, ನಿಮ್ಮಂಗೆ ರಿಟೈರ್ ಆಗಿ ಕಪಾಟು ತುಂಬ ಕೋಲ್ಟ್ ಜೋಡ್ಸಿಟ್ಟಿಲ್ಲ.

ಹಳೇ_ಕಬ್ಬಿಣ
ನಾಲ್ಕೇ ಇರೋದು. ನಮ್ಮನೆಯವಳಿಗೆ ಮೂರು ಅಂತ ಹೇಳಿದೀನಿ.

ಸಂಘದ_ಸೆಕ್ರೆಟರಿ
ಎಲ್ಲ ಬಿಡಿ, ಯುಗಾದಿ ಕಾರ್ಯಕ್ರಮಕ್ಕೆ ಯಾರೂ ತರ್ಬೇಡಿ ದಯವಿಟ್ಟು. ಹಾಲ್ ಬಾಗಿಲಲ್ಲಿ 30.06 ಬೋರ್ಡ್ ಇದೆ, ಲೈಸೆನ್ಸ್ ಇದ್ರೂ ಒಳಗೆ ತರೋ ಹಾಗಿಲ್ಲ. ದೇವಸ್ಥಾನಕ್ಕೆ ಹೋದಾಗಲೂ ಬೋರ್ಡ್ ನೋಡಿ. ಹೋದ ವರ್ಷ ಒಬ್ರು ನಮಸ್ಕಾರ ಮಾಡೋಕೆ ಬಗ್ಗಿದಾಗ ಅಂಗಿ ಮೇಲೆದ್ದು ಹಿಡಿ ಕಂಡು ಪುರೋಹಿತರು ಮಂತ್ರ ಮರೆತ್ರು.

ಶಾಂತಿಪ್ರಿಯ
ಇದನ್ನೇ ನಾನು ಹೇಳಿದ್ದು.

ಕರಾವಳಿ_ಹ್ಯೂಸ್ಟನ್
ಅದು ಸ್ಟೀಲಾ ಅಲ್ಯೂಮಿನಿಯಮ್ಮಾ ಅಂತ ಕೇಳಿದ್ರಾ?

ಸಂಘದ_ಸೆಕ್ರೆಟರಿ
ತೀರ್ಥ ಕೊಟ್ಟು ಕಳ್ಸಿದ್ವಿ.

ಅಂಗಡಿ_ಗೌಡ
ಅಪ್‌ಡೇಟ್. ಶನಿವಾರ ಇಬ್ರೂ ರೇಂಜಿಗೆ ಹೋದ್ವಿ, ಅಕ್ಕ ಹೇಳಿದಂಗೆ ಬಾಡಿಗೆಗೆ ತಗೊಂಡು. ಮೊದ್ಲು ನನ್ನ ಹಗುರದ್ರಲ್ಲೇ ಗುರುಗಳು ಹೇಳಿದ ವಾಡ್‌ಕಟರ್ ಹಾಕಿದೆ. ನಿಜ, ಅರ್ಧಕ್ಕರ್ಧ ಇಳೀತು, ಇಪ್ಪತ್ತೈದು ಹೊಡೆದೆ ಕೈ ಊದ್ಲಿಲ್ಲ. ಆದ್ರೆ ರಂಗೋಲಿ ರಂಗೋಲಿನೇ, ಮೇಷ್ಟ್ರು ಹೇಳಿದ ಟ್ರಿಗರ್ ಎಳೆಯುವಾಗಿನ ಅಲ್ಲಾಟ ಇದೇ ಇರ್ಬೇಕು. ಆಮೇಲೆ ಸ್ಟೀಲಿನ ಸ್ಮಿತ್ ಅಂಡ್ ವೆಸನ್ ಮಾಡೆಲ್ 640, ಅದೇ ಗುಂಡು. ಏನು ಹೇಳ್ಲಿ, ಕೈಯಲ್ಲಿ ಕೂತಂಗೆ ಕೂತಿತ್ತು. ಐದಕ್ಕೆ ಐದು ಒಂದು ಚಪಾತಿ ಒಳಗೆ ಬಿತ್ತು. ನಮ್ಮನೆಯವಳು ಹತ್ತು ಹೊಡೆದು ಬಾಕ್ಸ್ ಖಾಲಿ ಆಯ್ತಾ ಅಂತ ಕೇಳಿದ್ಲು.

ಹೊಸದು ತಗೊಳ್ಳೋಷ್ಟು ಕೈಯಲ್ಲಿ ದುಡ್ಡಿಲ್ಲ. ಬಳಸಿದ್ದು ಒಂದು ಸಿಕ್ತು, ಸ್ಟೇನ್‌ಲೆಸ್ಸು, ಕುದುರೆ (ಹ್ಯಾಮರ್) ಒಳಗೇ ಮುಚ್ಚಿಕೊಂಡಿರೋದು, ಬಟ್ಟೆಗೆ ಸಿಕ್ಕಲ್ಲ. ಹಗುರದ್ದನ್ನ ಅರ್ಧ ಬೆಲೆಗೆ ಕೊಡೋಕೆ ಮನಸ್ಸು ಬರ್ಲಿಲ್ಲ, ಪೆಟ್ಟಿಗೇಲೇ ಇಟ್ಟಿದೀನಿ. ಬೆಲ್ಟ್ ಆರ್ಡರ್ ಮಾಡಿದೀನಿ, ಎರಡು ಪದರದ್ದೇ. ಅದರ ಬೆಲೆ ನೋಡಿ ನಮ್ಮನೆಯವಳು ರಿವಾಲ್ವರ್ ಬಗ್ಗೆ ಆಡದ ಮಾತೆಲ್ಲ ಬೆಲ್ಟ್ ಬಗ್ಗೆ ಆಡಿದ್ಲು.

ಸೋನಾಮಸೂರಿ
ಬಳಸಿದ್ದು ತಗೊಳ್ಳೋವಾಗ ಖಾಲಿ ಇದೆಯಾ ಅಂತ ಎರಡೆರಡು ಸಲ ನೋಡಿ, ಆಮೇಲೆ ಟ್ರಿಗರ್ ಪೂರ್ತಿ ಹಿಂದೆ ಹಿಡಿದಿಟ್ಟು ಸಿಲಿಂಡರ್ ಅಲ್ಲಾಡಿಸಿ ನೋಡಿದ್ರಾ? ಜಾಸ್ತಿ ಲಗಲಗ ಅಂದ್ರೆ ಸವೆದಿದೆ ಅಂತ.

ಅಂಗಡಿ_ಗೌಡ
ನೋಡಿದೆ ಅಕ್ಕ, ಗಟ್ಟಿ ಇದೆ. ಇವತ್ತು ರಾತ್ರಿ ಮೊದಲ ಸಲ ಸೊಂಟಕ್ಕೆ ಹಾಕ್ಕೊಂಡು ಶಟರ್ ಎಳೆದೆ. ಹಳೇ ಬೆಲ್ಟೇ, ಹೊಸದು ಬಂದಿಲ್ಲ. ಪ್ಯಾಂಟು ಜಾರ್ತಿತ್ತು.

ಹಗುರ_ಬಸ್ಯಾ
ಹೇಳಿರಲಿಲ್ಲೇನ್ರಿ ನಾ 😄 ಇರಲಿ. ನಾನೂ ಆ ಐದನೇ ಗುಂಡಿನ ಪರೀಕ್ಷಾ ಮಾಡಿದೆ ರವಿವಾರ. ಕೂದಲೆಳಿ ಅಷ್ಟು ಮುಂದ ಬಂದಿತ್ತು. ಗುಂಡು ಬದಲ್ ಮಾಡಾಕತ್ತೀನಿ, ರಿವಾಲ್ವರ್ ಅಲ್ಲ ಮತ್ತ.

ಹಳೇ_ಕಬ್ಬಿಣ
ಇವತ್ತು ಗುಂಡು. ಮುಂದಿನ ವರ್ಷ ನೋಡೋಣ.

ಬೆಳಗಾವಿ_32
ಗೌಡ್ರ ಆ ಬೆಲ್ಟಿನ ಲಿಂಕ್ ಹಾಕ್ರಿ. ನಂಗ ಪ್ಯಾಂಟಿಗೆ ಬೇಕಾಗೇತಿ, ಬ್ಯಾರೆ ಯಾವುದಕ್ಕೂ ಅಲ್ಲ.